ಇಂಗ್ಲಿಷಿನಲ್ಲಿ ಹಾಕಿದ ಆಣೆ

ದೊಡ್ಡವರ ಇಂಗ್ಲಿಷಿನಲ್ಲಿ ‘ಇಫ್’ ಎಂಬ ಶಬ್ದವೇ ಬೇಕಾಗುವುದಿಲ್ಲ ಎಂದು ದೀಪ್ತಿ ಮಿಸ್ ಹೇಳಿದಾಗ ಹಿಂದಿನ ಬೆಂಚಿನಲ್ಲಿದ್ದ ಸೀತು ತಲೆ ಎತ್ತಿದಳು. ಅಲ್ಲಿಯವರೆಗೆ ಅವಳು ಬೋರ್ಡನ್ನೇ ನೋಡಿರಲಿಲ್ಲ. ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ ಡ್ರೈವರ್ ಶುಕೂರನ ಬೆನ್ನು ಕಣ್ಣಿಗೆ ಬೀಳುವುದು ಬೇಡ ಎಂದು ತನ್ನ ಉಗುರುಗಳನ್ನೇ ನೋಡಿಕೊಂಡು ಕೂತಿದ್ದಳು.

ಶನಿವಾರ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ವ್ಯಾನುಗಳು ಹಿಂದೆ ಬಂದ ಮೇಲೆ, ಕುಂಬ್ರದಿಂದ ಸ್ವಲ್ಪ ಒಳಗಿರುವ ಆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆಯಾಗಳಿಗೂ ಡ್ರೈವರುಗಳಿಗೂ ಕ್ಲಾಸು. ಅದು ಸಂಚಾಲಕ ಸರ್ವೋತ್ತಮ ಅವರ ಯೋಚನೆ. ಈಗೀಗ ಪುತ್ತೂರು ಪೇಟೆಯಿಂದಲೂ ಮಕ್ಕಳು ಬರುತ್ತಿದ್ದರು. ಅಂಥ ಮಕ್ಕಳ ತಾಯಂದಿರಿಗೆ ಆಯಾ ಫೋನ್ ಮಾಡಿ, ಬೇಗ ಬನ್ನಿ ಮಾರಾಯ್ರೆ, ವ್ಯಾನ್ ಹೋಗ್ತದೆ ಎಂದು ಬೊಬ್ಬೆ ಹೊಡೆದರೆ ಶಾಲೆಯ ಮರ್ಯಾದೆ ಎಂತ ಉಳಿಯುತ್ತದೆ ಎಂಬುದು ಅವರ ಚಿಂತೆ. ಹಾಗಾಗಿ ಹೈಸ್ಕೂಲಿಗೆ ಇಂಗ್ಲಿಷ್ ಹೇಳುವ ದೀಪ್ತಿ ಮಿಸ್ಸಿಗೆ ಈ ಕೆಲಸ ಬಿದ್ದಿತ್ತು. ಸುಳ್ಯದ ಕಡೆಯ ಹುಡುಗಿ, ಮನೆಯಲ್ಲಿ ಅರೆಭಾಷೆ ಮಾತಾಡುವವಳು. ಪ್ರಾಯ ಸಣ್ಣದಾದರೂ ತನಗಿಂತ ಹಿರಿಯರಿಗೆ ಪಾಠ ಹೇಳುವಾಗ ಅಹಂಕಾರ ತೋರಿಸುತ್ತಿರಲಿಲ್ಲ.

‘ಶುಡ್ ಯು ಬಿ ಲೇಟ್, ಪ್ಲೀಸ್ ಕಾಲ್ ದ ಆಫೀಸ್.’ ನಿಮಗೆ ತಡವಾಗುವುದಾದರೆ ದಯವಿಟ್ಟು ಆಫೀಸಿಗೆ ಫೋನ್ ಮಾಡಿ. ಇಫ್ ತೆಗೆದುಹಾಕಿ, ಮಧ್ಯದಲ್ಲಿರುವ ಶಬ್ದವನ್ನು ಎತ್ತಿ ಮುಂದೆ ಇಟ್ಟರೆ ಸಾಕು, ಮಾತಿಗೆ ಕೋಟು ಹಾಕಿದ ಹಾಗೆ ಆಗುತ್ತದೆ ಎಂದು ಮಿಸ್ ಹೇಳಿದಳು. ಇನ್ನೊಂದು ವ್ಯಾನಿನ ಆಯಾ ಸುಂದರಿ, ಅಂದರೆ ಬಾಲ ತಂದು ತಲೆಗೆ ಕಟ್ಟುದು ಎಂದಳು. ಎಲ್ಲರೂ ನಕ್ಕರು, ಮಿಸ್ಸೂ ನಕ್ಕಳು. ಶುಕೂರ್ ನಗಲಿಲ್ಲ. ಸೀತುವೂ ನಗಲಿಲ್ಲ.

ಹೀಗೆ ಮುಂದೆ ಇಡುವ ಶಬ್ದಗಳು ಮೂರು. ಶುಡ್ ಎಂಬುದು ಇನ್ನು ಮುಂದೆ ಆಗಬಹುದಾದದ್ದಕ್ಕೆ, ವರ್ ಎಂಬುದು ಬರೇ ಊಹೆಗೆ. ಹ್ಯಾಡ್ ಎಂಬುದು ಕಳೆದು ಹೋದದ್ದಕ್ಕೆ. ಹಾಗೆ ಆಗಿದ್ದಿದ್ದರೆ ಹೀಗೆ ಆಗುತ್ತಿತ್ತು ಎನ್ನಲಿಕ್ಕೆ, ಆದರೆ ಅದು ಆಗಲೇ ಇಲ್ಲ. ಮೂರನೆಯದನ್ನು ಮಿಸ್ ಹೇಳುವಾಗ ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಾರ ಶಾಲೆಯಲ್ಲಿ ಒಂದು ಸಂಗತಿ ನಡೆದಿತ್ತು.

ಮಂಗಳವಾರ ಬೆಳಿಗ್ಗೆ ಕೆದಂಬಾಡಿ ಕಡೆಯ ವ್ಯಾನು ಶಾಲೆಗೆ ಮುಟ್ಟುವಾಗ ಬೆಲ್ ಆಗಿ ಹೋಗಿತ್ತು. ಮಕ್ಕಳೆಲ್ಲ ಇಳಿದ ಮೇಲೆ ಆಯಾ ಕೊನೆಯ ಸೀಟಿನವರೆಗೆ ನಡೆದು, ಸೀಟಿನ ಅಡಿಗೂ ಬಗ್ಗಿ ನೋಡಿ, ಆಮೇಲೆ ಡ್ರೈವರಿಗೆ ಹೇಳುವುದು ಕ್ರಮ. ಡ್ರೈವರ್ ಅದರ ನಂತರ ಬೀಗ ಹಾಕುವುದು. ಸೀತು ಕೆದಂಬಾಡಿಯವಳು, ಆ ವ್ಯಾನಿನಲ್ಲಿ ವರ್ಷಾನುಗಟ್ಟಲೆಯಿಂದ ಆಯಾ. ಹಿಂದಿನ ದಿನವಷ್ಟೆ, ನಿಮ್ಮ ವ್ಯಾನಿನ ಮಕ್ಕಳೇ ಪ್ರಾರ್ಥನೆಗೆ ತಡ ಎಂದು ಬೈಸಿಕೊಂಡಿದ್ದಳು. ಕೈಗೆ ಸಿಕ್ಕಿದ ಇಬ್ಬರು ಸಣ್ಣವರನ್ನು ಎಳೆದುಕೊಂಡು ಓಡಿದಳು. ಮೆಟ್ಟಿಲಿನ ಹತ್ತಿರದಿಂದ ತಿರುಗಿ, ಆಯ್ತು ಎನ್ನುವ ಹಾಗೆ ಶುಕೂರನಿಗೆ ಕೈ ಎತ್ತಿದಳು. ಶುಕೂರ್ ಬೀಗ ಹಾಕಿ ವ್ಯಾನನ್ನು ಮೈದಾನದ ಬಿಸಿಲಿಗೆ ನಿಲ್ಲಿಸಿದ.

ಎಲ್‌ಕೆಜಿಯ ಯಶಸ್ವಿ ಎಂಬ ಮಗು ಕೊನೆಯ ಸೀಟಿನಲ್ಲಿ ನಿದ್ದೆ ಹೋಗಿತ್ತು.

ಹೊತ್ತು ಏರಿದ ಮೇಲೆ ಶುಕೂರ್ ತನ್ನ ಬುತ್ತಿಗೆಂದು ವ್ಯಾನಿಗೆ ಹೋದದ್ದು ಆ ಮಗುವಿನ ಪುಣ್ಯ. ಅವನೇ ಮಗುವನ್ನು ಎತ್ತಿಕೊಂಡು, ಚಪ್ಪಲಿಯೂ ಇಲ್ಲದೆ, ರಸ್ತೆಯಲ್ಲಿ ಸಿಕ್ಕಿದ ರಿಕ್ಷಾ ಹತ್ತಿ ಪುತ್ತೂರಿಗೆ ಓಡಿದ. ಮಗು ಉಳಿಯಿತು. ಆದರೆ ಬದುಕಿದ ಮೇಲೂ ಬಾಗಿಲು ಹಾಕಿದ ಶಬ್ದ ಕೇಳಿದರೆ ಕಿರುಚುತ್ತದೆ ಎಂದು ಊರಲ್ಲಿ ಮಾತಿತ್ತು.

ಆ ದಿನ ಆಫೀಸಿನಲ್ಲಿ ಸರ್ವೋತ್ತಮರು ಸೀತುವನ್ನು ಕೇಳಿದ್ದು ಒಂದೇ ಪ್ರಶ್ನೆ: ಹಿಂದಿನ ಸೀಟು ನೋಡಿದ್ದೀರಾ? ನೋಡಿದ್ದೆ ಸರ್ ಎಂದಳು ಸೀತು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು. ಮತ್ತೆ ಸರಿ ಮಾಡುವ ಎಂದುಕೊಂಡಳು. ಸುಳ್ಳು ಎಂದರೆ ಒಲೆಗೆ ಇಟ್ಟ ಹಾಲಿನ ಹಾಗೆ, ಮತ್ತೆ ನೋಡುವ ಎಂದು ಮುಖ ತಿರುಗಿಸುವಷ್ಟರಲ್ಲಿ ಉಕ್ಕಿರುತ್ತದೆ. ಹಾಗಾದರೆ ಮಗು ಹೇಗೆ ಒಳಗೆ ಬಂತು ಎಂದು ಅವರು ಕೇಳಿದಾಗ, ನೀರಿನ ಬಾಟಲಿಗೆಂದು ಪುನಃ ಹತ್ತಿರಬೇಕು ಎಂದಳು. ಅಲ್ಲೇ ನಿಂತಿದ್ದ ಶುಕೂರ್ ಅವಳನ್ನೇ ನೋಡಿದ. ಸೀತಕ್ಕ ಕೈ ಎತ್ತಿದರು, ನಾನು ಬೀಗ ಹಾಕಿದೆ ಎಂದಷ್ಟೇ ಹೇಳಿದ.

ನೋಡದೆ ಬೀಗ ಹಾಕಿದ ತಪ್ಪು ಅವನ ತಲೆಗೆ ಬಂತು. ವಿಚಾರಣೆ ಮುಗಿಯುವವರೆಗೆ ವ್ಯಾನು ಮುಟ್ಟಬೇಡ, ದಿನಾ ಬಂದು ಆಫೀಸಿನಲ್ಲಿ ಕೂತಿರು ಎಂದು ಆಜ್ಞೆಯಾಯಿತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಮಾತು ಮೊದಲು ವ್ಯಾನಿನದ್ದಿತ್ತು, ಆಮೇಲೆ ಬೀಗದ್ದಾಯಿತು, ಕೊನೆಗೆ ಡ್ರೈವರನ ಹೆಸರಿನದ್ದಾಯಿತು. ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಬೇಕು ಎನ್ನುವವರು ಹೆಚ್ಚುತ್ತಾ ಬಂದರು. ಮುಂದಿನ ವಾರದ ಗುರುವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸೇರಿ, ಒಟ್ಟಾಗಿ ಹೋಗುವುದೆಂದು ನಿಶ್ಚಯವಾಯಿತು.

ಅದಕ್ಕೆ ಮೊದಲು ಬಂದದ್ದು ಈ ಶನಿವಾರ.

ದೀಪ್ತಿ ಮಿಸ್ ಎಲ್ಲರಿಂದಲೂ ಹ್ಯಾಡ್ ಇಟ್ಟು ಒಂದೊಂದು ವಾಕ್ಯ ಹೇಳಿಸುತ್ತಿದ್ದಳು. ಬಸ್ಸು ಸಿಗದೆ ಹೋಗಿದ್ದರೆ ನಾನು ಇಲ್ಲಿ ಕೂರುತ್ತಿರಲಿಲ್ಲ ಎಂದು ಸುಂದರಿ ತಪ್ಪು ತಪ್ಪಾಗಿ ಹೇಳಿ ನಗಿಸಿದಳು. ಶುಕೂರನ ಸರದಿ ಬಂದಾಗ ಅವನು ಎದ್ದು ನಿಂತು, ಬೋರ್ಡು ನೋಡಿಕೊಂಡು, ಒಂದೊಂದೇ ಶಬ್ದ ಜೋಡಿಸಿದ. ಒಂದು ಸಲ ನಾನೇ ನೋಡಿದ್ದಿದ್ದರೆ ಆ ಮಗು ಅಳುತ್ತಿರಲಿಲ್ಲ. ವಾಕ್ಯ ಸರಿ ಇತ್ತು. ಸರಿ ಎಂದು ಹೇಳಲು ಮಿಸ್ಸಿಗೆ ಬಾಯಿ ಬರಲಿಲ್ಲ. ಅವನು ಕೂತ.

ಸುಂದರಿ ಹಿಂದಿನಿಂದ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಈಗ ಸೀತಕ್ಕನದ್ದು ಕೇಳುವ. ನೋಡಿದ್ದು ಹೌದಾದರೆ ಒಂದು ಆಣೆ ಹಾಕಲಿ. ಇಂಗ್ಲಿಷಿನಲ್ಲೇ ಹಾಕಲಿ, ಕ್ಲಾಸಿಗೂ ಆಯ್ತು.”

ಈ ಊರಿನಲ್ಲಿ ಆಣೆ ಎಂದರೆ ಬರೇ ಮಾತಲ್ಲ. ತಾನು ಸುಳ್ಳು ಹೇಳಿದ್ದರೆ ಇಂಥವರಿಗೆ ಇಂಥದ್ದಾಗಲಿ ಎಂದು ಬಾಯಿಬಿಟ್ಟ ಮೇಲೆ ಎರಡು ಮನೆಗಳ ನಡುವೆ ನೀರು ಕುಡಿಯುವುದೂ ನಿಲ್ಲುತ್ತದೆ. ಯಾರ ಎದುರು ಹಾಕಿದ್ದೋ ಅವರು ಬಿಟ್ಟೆ ಎಂದು ಹೇಳಿ ಅದನ್ನು ಬಿಡಿಸುವವರೆಗೆ ಮದುವೆಯ ಊಟವೂ ಇಲ್ಲ, ಸಾವಿನ ಮನೆಯ ಹೊಸ್ತಿಲೂ ಇಲ್ಲ. ಹಾಕುವುದಿಲ್ಲ ಎಂದರೆ ತಪ್ಪು ಒಪ್ಪಿಕೊಂಡ ಹಾಗೆ. ತುಳುವಿನಲ್ಲೋ ಕನ್ನಡದಲ್ಲೋ ಹಾಕು ಎಂದಿದ್ದರೆ ಸೀತುವಿನ ನಾಲಿಗೆ ಏಳುತ್ತಿರಲಿಲ್ಲ. ಆದರೆ ಇಂಗ್ಲಿಷ್. ಅದು ಫೀಸಿನ ಭಾಷೆ, ಆಫೀಸಿನ ಭಾಷೆ. ಅದರಲ್ಲಿ ಯಾರೂ ಹರಕೆ ಹೇಳಿದ್ದಿಲ್ಲ, ಯಾರೂ ದೈವದ ಎದುರು ನಿಂತದ್ದಿಲ್ಲ. ಅದೂ ಅಲ್ಲದೆ ಹ್ಯಾಡ್ ಎಂದರೆ ಆಗದೇ ಇದ್ದದ್ದು ಎಂದು ಮಿಸ್ಸೇ ಹೇಳಿದ್ದಾಳಲ್ಲ. ಅದರ ಹಿಂದೆ ಅಡಗಿ ಕೂರಬಹುದು ಎಂದು ಅವಳಿಗೆ ಕಂಡಿತು.

ಅವಳು ಎದ್ದಳು. ಅರ್ಧ ವಾಕ್ಯ ಹೇಳಿ ಶಬ್ದ ಸಿಗದೆ ನಿಂತಳು.

“ಹಾಸಿಗೆ ಹಿಡಿಯುದಕ್ಕೆ ಎಂತ ಹೇಳುದು ಮಿಸ್?”

“ಬೆಡ್‌ರಿಡನ್,” ಎಂದಳು ದೀಪ್ತಿ ಮಿಸ್. ಪಾಠ ಹೇಳುವವರ ಅಭ್ಯಾಸ, ಕೇಳಿದ ಕೂಡಲೇ ಬಂದುಬಿಟ್ಟಿತ್ತು.

“ಹ್ಯಾಡ್ ಐ ನಾಟ್ ಚೆಕ್ಡ್ ದ ಬ್ಯಾಕ್ ಸೀಟ್, ಮೈ ಡಾಟರ್ ವುಡ್ ಬಿ ಬೆಡ್‌ರಿಡನ್.” ಹಿಂದಿನ ಸೀಟು ನಾನು ನೋಡದೆ ಇದ್ದಿದ್ದರೆ ನನ್ನ ಮಗಳು ಹಾಸಿಗೆ ಹಿಡಿಯುತ್ತಿದ್ದಳು.

“ಕರೆಕ್ಟ್,” ಎಂದಳು ಮಿಸ್. ಹೇಳಿದ ಮೇಲೆ ಅವಳ ಮುಖ ಬಿಳುಚಿತು. ಸುಳ್ಯದವಳಲ್ಲವೇ, ಆ ವಾಕ್ಯ ಯಾವ ಜಾತಿಯದ್ದೆಂದು ತಿಳಿಯಲು ಅವಳಿಗೆ ವ್ಯಾಕರಣ ಬೇಕಿರಲಿಲ್ಲ. ತಮಾಷೆಗೆ ಎಸೆದ ಕಲ್ಲು ಕಿಟಕಿಗೆ ಬಿದ್ದವರ ಹಾಗೆ ಇತ್ತು ಸುಂದರಿಯ ಮುಖ. ಶುಕೂರ್ ತಿರುಗಿ ನೋಡಲಿಲ್ಲ. ಅವನ ಬೆನ್ನು ಮಾತ್ರ ಒಮ್ಮೆ ನೆಟ್ಟಗಾಯಿತು.

ಸೀತು ಮನೆಗೆ ಮುಟ್ಟುವಾಗ ಒಂಬತ್ತನೆಯ ಕ್ಲಾಸಿನ ಮಗಳು ಸುಪ್ರಿತಾ ಚಾವಡಿಯ ಚಾಪೆಯಲ್ಲಿ ಮಲಗಿದ್ದಳು. ತಲೆನೋವು, ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ ಆಗುತ್ತದೆ ಎಂದಳು. ಹಣೆ ಮುಟ್ಟಿ ನೋಡಿದರೆ ಕಾದಿತ್ತು. ಸೀತು ಕೈಯನ್ನು ಹಾಗೇ ಇಟ್ಟುಕೊಂಡಳು, ತೆಗೆಯಲು ಧೈರ್ಯ ಬರಲಿಲ್ಲ.

ಜ್ವರಕ್ಕೆ ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಅಕಾಲದಲ್ಲಿ ಒಂದು ಮಳೆ ಬಂದು ಹೋಗಿತ್ತು. ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲೆಲ್ಲ ನೀರು ನಿಂತು ಸೊಳ್ಳೆ ಎದ್ದಿತ್ತು. ಆಚೆ ಮನೆಯಲ್ಲೂ ಈಚೆ ಮನೆಯಲ್ಲೂ ಜ್ವರ. ಇದೆಲ್ಲ ಸೀತುವಿಗೂ ಗೊತ್ತು. ಬೇರೆಯವರ ಮಗಳಾಗಿದ್ದರೆ ಅವಳೇ ಹೀಗೆ ಹೇಳಿ ಸಮಾಧಾನ ಮಾಡುತ್ತಿದ್ದಳು. ಆದರೆ ಹೆದರಿಕೆ ಕಾರಣ ಕೇಳಿ ಬರುವುದಿಲ್ಲ, ಕಾರಣ ಕೊಟ್ಟರೆ ಹೋಗುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಅಂಗಳದ ಬದಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದ ಅತ್ತೆಯ ಹತ್ತಿರ ಅವಳು ಸುತ್ತು ಬಳಸಿ ಕೇಳಿದಳು. ಶಾಲೆಯಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಆಣೆ ಹಾಕಿದರಂತೆ, ನಮ್ಮದಲ್ಲದ ಭಾಷೆಯಲ್ಲಿ ಹೇಳಿದ್ದು ಮುಟ್ಟುತ್ತದಾ ಎಂದು.

ಅತ್ತೆ ಎಲೆಯ ನಾರು ತೆಗೆಯುತ್ತಾ ಹೇಳಿದಳು: “ದೈವಕ್ಕೆ ಭಾಷೆ ಎಂತಕ್ಕೆ? ಮುಟ್ಟುದು ಭಾಷೆ ಅಲ್ಲ, ಹೆಸರು. ಯಾರ ಹೆಸರು ಇಟ್ಟದ್ದು?”

ಯಾರೋ, ತನಗೆ ಸರಿ ಗೊತ್ತಿಲ್ಲ ಎಂದಳು ಸೀತು. ಅತ್ತೆಯ ಕೈ ನಿಂತಿತು. ಮುದುಕಿ ಸೊಸೆಯ ಮುಖ ನೋಡಲಿಲ್ಲ. ಬಾಗಿಲಿನಾಚೆ, ಚಾಪೆಯ ಮೇಲೆ ನರಳುತ್ತಿದ್ದ ಮೊಮ್ಮಗಳನ್ನು ನೋಡಿದಳು. ಆಮೇಲೆ ಎಲೆಗಳನ್ನೆಲ್ಲ ಪುನಃ ಕಟ್ಟಿ ಇಟ್ಟಳು. ಆ ದಿನ ಅವಳು ಎಲೆ ಹಾಕಲಿಲ್ಲ.

ಕುಂಬ್ರದ ಡಾಕ್ಟರು ಕೊಟ್ಟ ಮಾತ್ರೆಗೆ ಜ್ವರ ಬಗ್ಗಲಿಲ್ಲ. ಸೋಮವಾರ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದರು. ರಕ್ತ ನೋಡಿ ಡೆಂಗಿ ಎಂದರು. ಕೊಯಿಲದ ಫಾರ್ಮಿನಲ್ಲಿ ದನಗಳ ಕೆಲಸಕ್ಕೆ ಹೋಗುವ ಗಂಡ ಕಿಶನ್ ರಜೆ ಹಾಕಿ ಬಂದು ಮಗಳ ಮಂಚದ ಕಾಲಿನ ಹತ್ತಿರ ಕೂತ. ರೋಗದ ದನವನ್ನು ಕಾದು ಅಭ್ಯಾಸವಿದ್ದ ಮನುಷ್ಯ, ಮಾತು ಕಡಿಮೆ. ಪ್ಲೇಟ್‌ಲೆಟ್ ಇಳಿಯುತ್ತಾ ಉಂಟು, ಆದರೆ ಹೆದರುವುದು ಬೇಡ ಎಂದು ಡಾಕ್ಟರು ಹೇಳಿದರು. ಮರುದಿನವೂ ಅದನ್ನೇ ಹೇಳಿದರು, ಎರಡನೆಯ ಮಾತು ಮಾತ್ರ ಹೇಳಲಿಲ್ಲ. ಸುಪ್ರಿತಾಳ ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಎದ್ದವು. ಬಾಯಿ ಮುಕ್ಕಳಿಸಿದಾಗ ನೀರು ತಿಳಿಗೆಂಪಾಯಿತು. ಅವಳನ್ನು ಎಬ್ಬಿಸಬೇಡಿ, ಶೌಚಕ್ಕೂ ನಡೆಸಬೇಡಿ, ಹಾಸಿಗೆಯಲ್ಲೇ ಇರಲಿ ಎಂದು ನರ್ಸು ಹೇಳಿದಾಗ ಸೀತು ಗೋಡೆ ಹಿಡಿದುಕೊಂಡಳು.

ಹೇಳಿದ ಶಬ್ದ ಹೇಳಿದ ಹಾಗೆಯೇ ಬಂದು ನಿಂತಿತ್ತು.

ಮಂಗಳವಾರ ಸಂಜೆ ದೀಪ್ತಿ ಮಿಸ್ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಂದಳು. ಸುಪ್ರಿತಾಳನ್ನು ನೋಡಿದ ಮೇಲೆ ಸೀತುವನ್ನು ವರಾಂಡಕ್ಕೆ ಕರೆದಳು. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. ತನಗೂ ನಿದ್ದೆ ಇಲ್ಲ, ಅಮ್ಮನ ಹತ್ತಿರ ಹೇಳಿದ್ದಕ್ಕೆ ಅಮ್ಮ ಬೈದರು ಎಂದಳು. ಗುರುವಾರ ಪೋಷಕರು ಸೇರಿದರೆ ಶುಕೂರನನ್ನು ಯಾರೂ ಕಾಯುವವರಿಲ್ಲ, ಕೈ ಮಾಡಿದರೂ ಮಾಡಿಯಾರು ಎಂದೂ ಹೇಳಿದಳು. ಕೊನೆಗೆ ಕಿತ್ತಳೆಯ ಚೀಲವನ್ನು ಸೀತುವಿನ ಕೈಗೆ ಕೊಟ್ಟು ಹೇಳಿದಳು:

“ನಿಜ ಎಂತದ್ದು ಅಂತ ನಾನು ಕೇಳುದಿಲ್ಲ ಸೀತಕ್ಕ. ಆದರೆ ಆ ಶಬ್ದ ಕೊಟ್ಟದ್ದು ನಾನು. ನಿಮ್ಮಿಂದ ಆಗುದಾದರೆ ಅದನ್ನು ಹಿಂದೆ ತೆಗೀರಿ.”

ಬುಧವಾರ ಬೆಳಿಗ್ಗೆ ಸೀತು ಶಾಲೆಗೆ ಹೋದಳು. ಸರ್ವೋತ್ತಮರ ಎದುರು ನಿಂತು, ಆ ದಿನ ತಾನು ಹಿಂದಿನ ಸೀಟು ನೋಡಿರಲಿಲ್ಲ, ಕೈ ಎತ್ತಿದ್ದು ಸುಳ್ಳು ಎಂದು ಹೇಳಿದಳು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಅವರು ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದರು. ಫ್ಯಾನಿನ ಸ್ಪೀಡು ಹೆಚ್ಚು ಮಾಡಿದರು. ಮಗಳು ಹೇಗಿದ್ದಾಳೆ ಎಂದು ವಿಚಾರಿಸಿದರು.

ಸೀತಮ್ಮ, ಆದದ್ದು ಆಯಿತು ಎಂದು ಶುರು ಮಾಡಿದರು. ಡ್ರೈವರ್ ಒಬ್ಬ ತಪ್ಪು ಮಾಡಿದ, ಅವನು ಹೋದ ಎಂದರೆ ಶಾಲೆ ಉಳಿಯುತ್ತದೆ. ಡ್ರೈವರೂ ನೋಡಲಿಲ್ಲ, ಆಯಾವೂ ನೋಡಲಿಲ್ಲ, ಕೇಳಿದ್ದಕ್ಕೆ ಸುಳ್ಳೂ ಹೇಳಿದಳು ಎಂದಾದರೆ ನಾಳೆಯಿಂದ ಮಕ್ಕಳನ್ನು ಕಳಿಸುವವರು ಯಾರು? ಹೀಗೆ ಅವರು ತುಂಬ ಹೊತ್ತು, ಬಹಳ ಮೆತ್ತಗೆ ಹೇಳಿದರು. ರಜೆ ಬೇಕಾದಷ್ಟು ತೆಗೆದುಕೊಳ್ಳಿ, ಮಗಳನ್ನು ನೋಡಿಕೊಳ್ಳಿ ಎಂದರು. ಕೊನೆಗೆ ನಗುನಗುತ್ತಾ, ಶನಿವಾರದ ಕ್ಲಾಸು ಎಷ್ಟು ತಲೆಗೆ ಹೋಗಿದೆ ನೋಡುವ ಎನ್ನುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು:

“ಶುಡ್ ಎನಿಒನ್ ಆಸ್ಕ್, ಯು ಚೆಕ್ಡ್.”

ಯಾರಾದರೂ ಕೇಳಿದರೆ, ನೀವು ನೋಡಿದ್ದೀರಿ. ಸೀತುವಿಗೆ ಒಂದೊಂದು ಶಬ್ದವೂ ಅರ್ಥವಾಯಿತು. ಇಷ್ಟು ಮರ್ಯಾದೆಯ ಮಾತಿನೊಳಗೆ ಒಂದು ಕತ್ತಿಯನ್ನು ಬಟ್ಟೆ ಸುತ್ತಿ ಇಡಬಹುದು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೇಳಿದರೆ ಎಂಬುದು ಕೇಳಲಿಕ್ಕಿಲ್ಲ ಎಂಬ ಹಾಗೆ ಇತ್ತು. ನೋಡಿದ್ದೀರಿ ಎಂಬುದು ಹೇಳದೆ ಹೋದರೆ ನೋಡಿಕೊಳ್ಳಿ ಎಂಬ ಹಾಗೆ ಇತ್ತು. ಆಗಲಿ ಸರ್ ಎಂದು ಹೊರಗೆ ಬಂದಳು. ಗೇಟಿನ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ಆಸ್ಪತ್ರೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ಕುಂಬ್ರದ ಕಡೆಗೆ ನಡೆದಳು.

ಶುಕೂರನ ಮನೆ ಅವಳಿಗೆ ಹೊಸತಲ್ಲ. ಅವನ ತಾಯಿ ಬೀಫಾತುಮ್ಮ, ಸುಪ್ರಿತಾ ಸಣ್ಣ ಮಗುವಾಗಿದ್ದಾಗ ಮೈಗೆ ಕೆಂಪು ಎದ್ದದ್ದಕ್ಕೆ ಎಂತದೋ ಸೊಪ್ಪು ಅರೆದು ಹಚ್ಚಿ ಗುಣ ಮಾಡಿದವಳು. ಈದ್‌ನ ಪೆರ್ನಾಲಿಗೆ ಇವರ ಮನೆಗೆ ಅಲ್ಲಿಂದ ತಿಂಡಿ ಬರುವುದು, ಅಷ್ಟಮಿಗೆ ಇಲ್ಲಿಂದ ಎಲೆಯಲ್ಲಿ ಬೇಯಿಸಿದ ಮೂಡೆ ಹೋಗುವುದು ಮೊದಲಿನಿಂದಲೂ ನಡೆದು ಬಂದದ್ದು. ಮುದುಕಿ ಬಾಗಿಲಿಗೆ ಬಂದು, ಬಿಸಿಲಿಗೆ ಬಂದವಳ ಮುಖ ನೋಡಿ, ಅಭ್ಯಾಸದಲ್ಲಿ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಸೀತು ಕೈ ಚಾಚಿದಳು. ಬೀಫಾತುಮ್ಮನ ಕೈ ಅರ್ಧದಲ್ಲಿ ನಿಂತಿತು.

“ಆಣೆ ಉಂಟಲ್ಲ ಮಗಳೇ,” ಎಂದಳು. “ಈಗ ಕೊಡುವ ಹಾಗಿಲ್ಲ.”

ಸಿಟ್ಟಿನಲ್ಲಿ ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ನೀರನ್ನು ಬಾಗಿಲ ಬದಿಯ ತೆಂಗಿನ ಬುಡಕ್ಕೆ ಚೆಲ್ಲಿದಳು. ಸೀತು ಮೆಟ್ಟಿಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಆಫೀಸಿನಿಂದ ಊಟಕ್ಕೆಂದು ಬಂದಿದ್ದ ಶುಕೂರ್ ಒಳಗೆ ಇದ್ದಾನೆಂದು ಅವಳಿಗೆ ಗೊತ್ತಿತ್ತು, ಅವನ ಚಪ್ಪಲಿ ಹೊರಗಿತ್ತು. ಅವನು ಹೊರಗೆ ಬಂದು, ಆಣೆ ಬಿಟ್ಟೆ ಎಂದು ಒಂದು ಮಾತು ಹೇಳಿದರೆ ಸಾಕು, ಮಗಳ ಹೆಸರು ಬಿಡುಗಡೆಯಾಗುತ್ತದೆ ಎಂದಳು. ಅವನು ಹೊರಗೆ ಬರಲಿಲ್ಲ. ಬೀಫಾತುಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೆ ಮಾತು ಮೆತ್ತಗೆ ಮಾಡಲಿಲ್ಲ.

“ಜನರ ಎದುರು ಇಟ್ಟದ್ದನ್ನು ನನ್ನ ಜಗಲಿಯಲ್ಲಿ ತೆಗೆಯಲಿಕ್ಕೆ ಆಗುದಿಲ್ಲ. ಇಲ್ಲಿ ಬಿಟ್ಟರೆ ಅದು ಬಿಟ್ಟ ಹಾಗೆ ಆಗುದೂ ಇಲ್ಲ. ಇಟ್ಟಲ್ಲಿಗೆ ಹೋಗು.”

ಗುರುವಾರ ಬೆಳಿಗ್ಗೆ ಸುಪ್ರಿತಾಳ ಮೂಗಿನಿಂದ ರಕ್ತ ಬಂತು. ಮಂಗಳೂರಿಗೆ ಕೊಂಡುಹೋಗಬೇಕಾಗಬಹುದು, ಸಂಜೆಯವರೆಗೆ ನೋಡುವ ಎಂದರು ಡಾಕ್ಟರು. ಮಧ್ಯಾಹ್ನ ಸೀತು ಗಂಡನ ಹತ್ತಿರ, ಶಾಲೆಗೆ ಹೋಗಿ ಬರುತ್ತೇನೆ ಎಂದಳು. ಮಗಳು ಇಂಥ ಸ್ಥಿತಿಯಲ್ಲಿರುವಾಗ ಎಂತ ಶಾಲೆ ಎಂದು ಅವನು ಕೇಳಲೂ ಬಹುದಿತ್ತು. ಕೇಳಲಿಲ್ಲ. ಹೆಂಡತಿಯ ಮುಖದಲ್ಲಿ ಅವನು ಏನನ್ನೋ ಕಂಡಿರಬೇಕು, ಬೇಗ ಬಾ ಎಂದಷ್ಟೇ ಹೇಳಿದ.

ಅವಳು ಮುಟ್ಟುವಾಗ ಗೇಟಿನ ಹತ್ತಿರ ಜನ ಸೇರಿಯಾಗಿತ್ತು. ಬೈಕುಗಳು, ಕಾರುಗಳು, ರಸ್ತೆಯ ಆಚೆ ಸಂಬಂಧವೇ ಇಲ್ಲದ ನಾಲ್ಕಾರು ತರುಣರು. ಅವರ ಮಕ್ಕಳು ಈ ಶಾಲೆಯಲ್ಲಿಲ್ಲ, ಅವರಿಗೆ ಮಕ್ಕಳಿದ್ದ ಹಾಗೂ ಕಾಣಲಿಲ್ಲ. ಶುಕೂರನನ್ನು ಆಫೀಸಿನಿಂದ ಕರೆಸಿ ಹೊರಗೆ ನಿಲ್ಲಿಸಿದ್ದರು. ಅವನ ಅಂಗಿಯ ತೋಳು ಭುಜದ ಹತ್ತಿರ ಹರಿದಿತ್ತು. ಯಾರು ಎಳೆದರೋ ತಿಳಿಯದು. ಯಶಸ್ವಿಯ ತಾಯಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಎದುರಿಗಿದ್ದಳು. ಸರ್ವೋತ್ತಮರು ಎರಡೂ ಕೈ ಎತ್ತಿ, ಶಾಲೆ ನಿಮ್ಮ ಜೊತೆ ಉಂಟು, ತಪ್ಪು ಮಾಡಿದವರನ್ನು ನಾವು ಕಾಯುವುದಿಲ್ಲ ಎನ್ನುತ್ತಿದ್ದರು.

ಸೀತು ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಮೊದಲು ಅವಳ ಮಾತು ತುಳುವಿನಲ್ಲಿ ಬಂತು. ಆಮೇಲೆ ಪೇಟೆಯವರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದಳು. ಯಾವ ಶಬ್ದವನ್ನೂ ಎತ್ತಿ ಹಿಂದೆ ಮುಂದೆ ಇಡಲಿಲ್ಲ.

“ಹಿಂದಿನ ಸೀಟು ನೋಡಬೇಕಾದವಳು ನಾನು. ನಾನು ನೋಡಲಿಲ್ಲ. ನೋಡಿದ್ದೇನೆ ಅಂತ ಕೈ ಎತ್ತಿದೆ. ಕೇಳಿದ್ದಕ್ಕೆ ಸುಳ್ಳು ಹೇಳಿದೆ. ಸುಳ್ಳಿಗೆ ನನ್ನ ಮಗಳ ಮೇಲೆ ಆಣೆ ಹಾಕಿದೆ. ಶುಕೂರ್ ನನ್ನನ್ನು ನಂಬಿ ಬೀಗ ಹಾಕಿದ್ದು.”

ಸರ್ವೋತ್ತಮರು ಅವಳ ಹತ್ತಿರ ಬಂದು, ಇವರ ಮಗಳು ಆಸ್ಪತ್ರೆಯಲ್ಲಿದ್ದಾಳೆ, ಮನಸ್ಸು ಸರಿ ಇಲ್ಲ, ಎಂತದೋ ಮಾತಾಡುತ್ತಿದ್ದಾರೆ ಎಂದು ಎಲ್ಲರಿಗೂ ಹೇಳಿದರು. ಆಗ ಸುಂದರಿ ಹಿಂದಿನಿಂದ, ಮನಸ್ಸು ಸರಿ ಇರುದು ಈಗಲೇ ಎಂದಳು. ದೀಪ್ತಿ ಮಿಸ್ ಸ್ಟಾಫ್ ರೂಮಿನ ಬಾಗಿಲಿನಿಂದ ಇಳಿದು ಬಂದು ಸೀತುವಿನ ಪಕ್ಕದಲ್ಲಿ ನಿಂತಳು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನಿಂತಳು.

ರಸ್ತೆಯ ಆಚೆಯ ತರುಣರಿಗೆ ಅಷ್ಟರಲ್ಲಿ ಆಸಕ್ತಿ ಹೋಗಿತ್ತು. ಆಯಾ ಒಬ್ಬಳ ತಪ್ಪಿಗೆ ಬೈಕು ಓಡಿಸಿಕೊಂಡು ಬರಬೇಕಿತ್ತಾ ಎಂದು ಒಬ್ಬ ಹೇಳಿದ್ದು ಸೀತುವಿಗೆ ಕೇಳಿತು. ಬೈಕುಗಳು ಒಂದೊಂದಾಗಿ ಹೊರಟವು.

ಯಶಸ್ವಿಯ ತಾಯಿ ಮಾತ್ರ ಕದಲಲಿಲ್ಲ. ಅವಳು ಬೈಯಲಿಲ್ಲ, ಕೈ ಎತ್ತಲಿಲ್ಲ. ಮಗುವಿನ ಮುಖವನ್ನು ತನ್ನ ಹೆಗಲಿಗೆ ತಿರುಗಿಸಿ, ಸೀತು ಕಾಣದ ಹಾಗೆ ಕೈ ಅಡ್ಡ ಇಟ್ಟಳು. ಅದೇ ಸೀತು ದಿನಾ ಬೆಳಿಗ್ಗೆ ಆ ಮಗುವಿನ ಮೂಗು ಒರೆಸಿ ವ್ಯಾನು ಹತ್ತಿಸುತ್ತಿದ್ದವಳು.

ಸೀತು ಶುಕೂರನ ಎದುರು ಹೋಗಿ ನಿಂತಳು. ಕೈ ಮುಗಿಯಲಿಲ್ಲ. ಮುಗಿದರೆ ಅವನು ಜನರ ಎದುರು ಇಲ್ಲ ಎನ್ನಲಾರ, ಹಾಗೆ ಅವನನ್ನು ಕಟ್ಟಿಹಾಕಬಾರದು ಎಂಬಷ್ಟು ತಿಳಿವಳಿಕೆ ಆ ಹೊತ್ತಿನಲ್ಲೂ ಅವಳಿಗಿತ್ತು. ಬೆಳಿಗ್ಗೆ ಮೂಗಿನಿಂದ ರಕ್ತ ಬಂತು ಎಂದಳು. ಆಣೆ ನಿನ್ನ ಎದುರು ಹಾಕಿದ್ದು, ಬಿಡುವುದು ನಿನ್ನ ಬಾಯಿಯಲ್ಲಿ ಉಂಟು ಎಂದಳು. ಅಷ್ಟೇ ಹೇಳಿ ಕಾದಳು.

ಶುಕೂರ್ ಹರಿದ ತೋಳನ್ನು ಭುಜದ ಮೇಲೆ ಎಳೆದುಕೊಂಡ. ಅದು ನಿಲ್ಲಲಿಲ್ಲ, ಪುನಃ ಜಾರಿತು. ಇಷ್ಟು ದಿನ ಆಫೀಸಿನ ಬೆಂಚಿನಲ್ಲಿ ಕೂತು, ಹೋಗುವ ಬರುವ ಮಕ್ಕಳು ಬೆರಳು ತೋರಿಸುವುದನ್ನು ನೋಡಿದವನು. ಮನೆಯಲ್ಲಿ ತಾಯಿ ಕಣ್ಣೊರೆಸಿಕೊಳ್ಳುವುದನ್ನು ನೋಡಿದವನು. ಸುತ್ತಲಿನವರು ಬಿಟ್ಟೆ ಎನ್ನು ಮಾರಾಯ, ಮಗು ಪಾಪ ಎಂದು ಹೇಳತೊಡಗಿದರು. ಸ್ವಲ್ಪ ಹೊತ್ತಿನ ಮೊದಲು ಅವನ ಅಂಗಿ ಎಳೆದವರೂ ಅವರಲ್ಲಿ ಇದ್ದರು. ಅವನು ಅವರ ಯಾರ ಮುಖವನ್ನೂ ನೋಡದೆ, ಸೀತುವಿನ ಕಣ್ಣನ್ನೇ ನೋಡಿ ಹೇಳಿದ:

“ಸುಪ್ರಿತಾಳ ಮೇಲೆ ಇಟ್ಟದ್ದನ್ನು ಬಿಟ್ಟೆ ಸೀತಕ್ಕ. ಅವಳದ್ದು ಎಂತದೂ ಬಾಕಿ ಇಲ್ಲ. ನಿಮ್ಮನ್ನು ಬಿಡಲಿಲ್ಲ.”

ಸೀತು ತಲೆ ಬಾಗಿಸಿದಳು. ಬಂದದ್ದು ಮೊದಲನೆಯದಕ್ಕೆ. ಅದು ಸಿಕ್ಕಿತು. ಎರಡನೆಯದನ್ನು ಕೇಳುವ ಮುಖ ಅವಳಿಗಿರಲಿಲ್ಲ.

ಪುತ್ತೂರಿನ ಬಸ್ಸು ಬಂದಾಗ ಅವಳು ಹತ್ತಿದಳು. ಗೇಟಿನ ಹತ್ತಿರ ನಿಂತು ಕೇಳಿದ್ದ ಹೆಂಗಸರೂ ಕೆಲವರು ಅದೇ ಬಸ್ಸಿಗೆ ಹತ್ತಿದರು. ಬಸ್ಸು ತುಂಬಿತ್ತು. ಎಷ್ಟೋ ಜನ ಕಂಬ ಹಿಡಿದು ನಿಂತಿದ್ದರು. ಅವಳ ಪಕ್ಕದ ಸೀಟು ಪುತ್ತೂರು ಮುಟ್ಟುವವರೆಗೂ ಖಾಲಿಯೇ ಇತ್ತು.